ಶನಿವಾರದ ಸಾರು

ಅನುಸೂಯಮ್ಮ ಸೂಲಿಬೆಲೆ ಹತ್ತಿರದ ಪ್ರೌಢಶಾಲೆಯೊಂದರಲ್ಲಿ ಇಪ್ಪತ್ತಾರು ವರ್ಷಗಳಿಂದ ಅಟೆಂಡರ್. ಪ್ರಯೋಗಾಲಯದ ಬೀಗದಕೈ ಅವರ ಸೆರಗಿನಲ್ಲೇ ಇರುತ್ತದೆ. ಯಾರ ಮಾತನ್ನೂ ಕೇಳಿದ ತಕ್ಷಣ ನಂಬುವ ಜೀವವಲ್ಲ ಅದು. ಬಸ್ಸಿನವನು ಕೊಟ್ಟ ಟಿಕೆಟ್ಟಿನ ತಾರೀಖನ್ನೂ ಓದಿಯೇ ಮಡಚುವರು. ಇಂಥವರ ಮನೆಗೆ ಜಡಿಗೇನಹಳ್ಳಿಯಿಂದ ಸೊಸೆಯಾಗಿ ಬಂದವಳು ಪ್ರಮೋದಾ. ಬಂದು ಎಂಟು ತಿಂಗಳಾಗಿತ್ತು.

ತಿಮ್ಮಪ್ಪನ ಒಕ್ಕಲಾದ್ದರಿಂದ ಶನಿವಾರ ಅನುಸೂಯಮ್ಮ ಮಾಂಸ ಮುಟ್ಟುವುದಿಲ್ಲ. ಮಾರ್ಚಿನ ಒಂದು ಶನಿವಾರ ಬೆಳಿಗ್ಗೆ ಪ್ರಮೋದಾಳ ಅಣ್ಣ ಅಮರ್ ಬೈಕಿನಲ್ಲಿ ಬಂದು ಕಪ್ಪು ಕವರೊಂದನ್ನು ಕೊಟ್ಟು ಹೋದ. ಮಾಂಸದಂಗಡಿಯವರು ಕೊಡುವಂಥದೇ ಕವರು ಎಂಬುದು ಶಾಲೆಗೆ ಹೊರಟಿದ್ದ ಅನುಸೂಯಮ್ಮನ ಕಣ್ಣಿಗೆ ಬಿತ್ತು. ಮಧ್ಯಾಹ್ನ ಅನುಸೂಯಮ್ಮ ಶಾಲೆ ಮುಗಿಸಿ ಬಂದಾಗ ಮುದ್ದೆಯ ಜೊತೆ ಗಟ್ಟಿ ಸಾರು ಕಾದಿತ್ತು. ಎರಡನೇ ತುತ್ತಿಗೆ ಎಳೆ ಎಳೆಯಾಗಿ ಏನೋ ಹಲ್ಲಿಗೆ ಸಿಕ್ಕಿತು.

"ಏನಮ್ಮಾ ಇದು?"

"ಹಲಸಿನಕಾಯಿ ಅತ್ತೆ, ಎಳೇದು. ಮಸಾಲೆ ಮಾತ್ರ ಮಟನ್ನಿಂದು," ಎಂದು ಪ್ರಮೋದಾ ನಕ್ಕಳು.

ಆ ನಗುವೇ ಅನುಸೂಯಮ್ಮನಿಗೆ ಹಿಡಿಸಲಿಲ್ಲ. ಹೊಟ್ಟೆ ಸರಿಯಿಲ್ಲವೆಂದು ತಟ್ಟೆ ಸರಿಸಿದರು. ಹಲಸಿನಕಾಯಿಯಾದರೆ ಸಿಪ್ಪೆ ಎಲ್ಲಿ? ಕಸದ ಬುಟ್ಟಿ ಕೆದಕಿದರು, ಇರಲಿಲ್ಲ. ಈಳಿಗೆಮಣೆ ಸವರಿದರು, ಹಲಸಿನ ಅಂಟು ಇರಲಿಲ್ಲ. ಬೇಕೆಂದೇ ನನ್ನ ವಾರ ಕೆಡಿಸಿದಳು ಎಂದುಕೊಂಡು, ಒಂದು ತುಂಡನ್ನು ತೊಳೆದು ಡಬ್ಬಿಗೆ ಹಾಕಿ ಫ್ರಿಜ್ಜಿನ ಮೂಲೆಯಲ್ಲಿ ಬಚ್ಚಿಟ್ಟರು.

ಸೋಮವಾರ ಪ್ರಾರ್ಥನೆಗೂ ಮೊದಲೇ ಪ್ರಯೋಗಾಲಯದ ಬೀಗ ತೆಗೆದರು. ಮಕ್ಕಳಿಗೆ ಈರುಳ್ಳಿ ಪೊರೆಯ ಸ್ಲೈಡು ಮಾಡಿಕೊಟ್ಟು ಕೈ ಪಳಗಿತ್ತು. ತುಂಡಿನಿಂದ ಚೂರೇ ಚೂರು ಕಿತ್ತು ಗಾಜಿನ ಮೇಲೆ ಹಿಸುಕಿ ಬಣ್ಣದ ಹನಿ ಬಿಟ್ಟರು. ಹೋಲಿಸಿ ನೋಡಲು ಪ್ರಾಣಿಯದೂ ಒಂದು ಬೇಕಲ್ಲ. ಕಡ್ಡಿಯಿಂದ ತಮ್ಮ ಕೆನ್ನೆಯ ಒಳಭಾಗವನ್ನೇ ಕೆರೆದು ಇನ್ನೊಂದು ಗಾಜಿಗೆ ಸವರಿದರು.

ವಿಜ್ಞಾನದ ಶಶಿರೇಖಾ ಮೇಡಂ ಒಳಗೆ ಬಂದಾಗಲೂ ಅನುಸೂಯಮ್ಮ ಸೂಕ್ಷ್ಮದರ್ಶಕದಿಂದ ಕಣ್ಣು ತೆಗೆದಿರಲಿಲ್ಲ.

"ನೀವೇ ನೋಡಿ ಹೇಳಿ ಮೇಡಂ. ಇದು ಕಾಯೋ, ಮಾಂಸವೋ? ಪಕ್ಕದ್ದು ನನ್ನ ಕೆನ್ನೇದು."

ಮೇಡಂ ಎರಡನ್ನೂ ನೋಡಿದರು. "ನಿಮ್ಮ ಕೆನ್ನೇದಕ್ಕೆ ಸುತ್ತ ತೆಳ್ಳಗೆ ಪೊರೆ ಅಷ್ಟೇ, ಅದಕ್ಕೇ ಮಡಚ್ಕೊಂಡು ಬಿದ್ದಿವೆ. ಗಿಡದ ಜೀವಕೋಶಕ್ಕೆ ಪೊರೆ ಆಚೆ ಗೋಡೆ ಬೇರೆ ಇರುತ್ತೆ. ಬೇಯಿಸಿದ್ರೂ ಗೋಡೆ ನಿಂತಿದೆ ನೋಡಿ. ಮಾಂಸ ಆಗಿದ್ರೆ ಉದ್ದುದ್ದ ಪಟ್ಟೆ ನಾರು ಕಾಣ್ಬೇಕಿತ್ತು. ಇದು ಕಾಯೇ."

"ಗಿಡದ್ದಾದ್ರೆ ಒಳಗೆ ಹಸಿರು ಇರ್ಬೇಕಲ್ವಾ?"

"ಅದು ಎಲೇಲಿ. ಈರುಳ್ಳೀಲಿ ಯಾವತ್ತಾದ್ರೂ ಹಸಿರು ಕಂಡಿದೀರಾ?"

ಅನುಸೂಯಮ್ಮ ಎರಡೂ ಗಾಜುಗಳನ್ನು ತೊಳೆದಿಟ್ಟರು. ಸಂಜೆ ಸೊಸೆಯನ್ನು ಕೂರಿಸಿಕೊಂಡು, ಮುಚ್ಚುಮರೆ ಮಾಡದೆ ಎಲ್ಲ ಹೇಳಿದರು.

ಪ್ರಮೋದಾಳ ಕಣ್ಣು ತುಂಬಿತು. "ಅಂಟು ಬಿಡಿಸೋದು ಕಷ್ಟ ಅಂತ ಅಮ್ಮನೇ ಹೆಚ್ಚಿ ಅಣ್ಣನ ಕೈಲಿ ಕಳ್ಸಿದ್ದು. ಕೇಳಿದ್ರೆ ಹೇಳ್ತಿರ್ಲಿಲ್ವಾ ಅತ್ತೆ?"

"ಕೇಳ್ದೆ. ನೀ ಹೇಳಿದ್ದನ್ನ ನಂಬಲಿಲ್ಲ. ತಪ್ಪಾಯ್ತು ಕಣಮ್ಮ."

ಮೂರು ದಿನ ಪ್ರಮೋದಾ ಅತ್ತೆಗೆ ಊಟದ ಡಬ್ಬಿ ಕಟ್ಟಲಿಲ್ಲ. ನಾಲ್ಕನೇ ದಿನ ಬೆಳಿಗ್ಗೆ ಡಬ್ಬಿಯನ್ನು ಅತ್ತೆಯ ಕೈಗಿಟ್ಟು, "ಹುರುಳಿಕಾಯಿ ಪಲ್ಯ. ಬೇಕಾದ್ರೆ ಇದನ್ನೂ ಗಾಜಿನ ಮೇಲೆ ಇಟ್ ನೋಡಿ," ಎಂದಳು.

ನಗಬೇಕೋ ಬೇಡವೋ ತಿಳಿಯದೆ ಅನುಸೂಯಮ್ಮ ಬಸ್ಸಿಗೆ ನಡೆದರು.