ಅಕ್ಕನ ಮುಖವಿದ್ದ ಚೀಲ

ಇಸ್ತ್ರಿ ಅಂಗಡಿಯ ಕೆಂಡನಿಗೆ ಆ ಅಡ್ಡಹೆಸರು ಬಂದದ್ದು ಇಸ್ತ್ರಿಪೆಟ್ಟಿಗೆಯಿಂದಲ್ಲ, ಬಾಯಿಂದ. ಗುಂಡಿ ಕಿತ್ತುಹೋದ ಅಂಗಿ ತಂದವನಿಗೂ ಬೈಗುಳ, ಜೇಬಿನಲ್ಲಿ ಪೆನ್ನು ಮರೆತವನಿಗೂ ಬೈಗುಳ. ಆದರೂ ಗಿರಾಕಿಗಳು ಉಳಿದದ್ದು ಗಲ್ಲೆಯಲ್ಲಿ ಅವನ ಅಕ್ಕ ಕೂತಿರುತ್ತಿದ್ದಳು ಎಂಬ ಒಂದೇ ಕಾರಣಕ್ಕೆ.

ಅಕ್ಕನ ಬೆನ್ನ ಹಿಂದೆ ಒಂದು ಬೀರು. ಇಸ್ತ್ರಿಗೆ ಕೊಟ್ಟು ಮರೆತವರ, ಊರು ಬಿಟ್ಟವರ, ದಪ್ಪಗಾಗಿ ತಿರುಗಿ ನೋಡದವರ ಬಟ್ಟೆಯೆಲ್ಲ ಅದರಲ್ಲಿ. ಕೆಲಸ ಕೇಳಲಿಕ್ಕೋ ಕೋರ್ಟಿಗೋ ಹೋಗಬೇಕಾದವರು, ಮೈಮೇಲೆ ನೆಟ್ಟಗಿನ ಬಟ್ಟೆಯಿಲ್ಲದವರು ಬಂದು ಗಲ್ಲೆಯ ಮುಂದೆ ತಡವರಿಸಿದರೆ, ಅಕ್ಕ ಕಣ್ಣಲ್ಲೇ ಅವರ ಭುಜದ ಅಳತೆ ತೆಗೆದು, "ನಿಮ್ಮದು ನಾಳೆ ಬೆಳಿಗ್ಗೆ ರೆಡಿ ಇರತ್ತೆ" ಎನ್ನುತ್ತಿದ್ದಳು. ಮರುದಿನ ಎಲ್ಲರಿಗೂ ಕಟ್ಟಿಕೊಡುವ ಅದೇ ಕಂದು ಕಾಗದ, ಅದೇ ದಾರ, ಅದೇ ಗಂಟು. ದುಡ್ಡು ಕೊಟ್ಟು ಒಯ್ದವರು ಯಾರು, ಕೈಗಡ ಒಯ್ದವರು ಯಾರು ಎಂದು ಪಕ್ಕದಲ್ಲಿ ನಿಂತವರಿಗೂ ತಿಳಿಯುತ್ತಿರಲಿಲ್ಲ.

ಕೆಂಡ ಇದಕ್ಕೂ ಉರಿದುಬೀಳುತ್ತಿದ್ದ. "ನಾನಿಲ್ಲಿ ಬೆವರು ಸುರಿಸ್ತೀನಿ, ನೀನು ಊರವರನ್ನೆಲ್ಲ ಮದುಮಗನ ಥರ ಸಿಂಗರಿಸಿ ಕಳಿಸು."

"ಆ ತೋಳಿನ ಮಡಿಕೆ ಸರಿ ಬಂದಿಲ್ಲ ನೋಡು" ಎನ್ನುತ್ತಿದ್ದಳು ಅಕ್ಕ, ತಲೆಯೆತ್ತದೆ.

ಅಕ್ಕ ತೀರಿಕೊಂಡಳು. ಅವಳು ಬದುಕಿದ್ದಾಗ ಆ ಬೀರುವನ್ನು ಗುಜರಿಗೆ ಹಾಕು ಎನ್ನುತ್ತಿದ್ದ ಅವಳ ಗಂಡನೇ ಈಗ ಅವಳ ಸ್ಮಾರಕ ನಿಧಿಗೆ ಅಧ್ಯಕ್ಷ. ಯಾವ ಸಭೆಗೆ ಹೋದರೂ ಎರಡು ಮಾತಾಡದೆ ಕೆಳಗಿಳಿಯದ ಈ ಭಾವನನ್ನು ಬೀದಿಯವರು ‘ಮೈಕು’ ಎಂದೇ ಕರೆಯುತ್ತಿದ್ದರು. ಅಂಗಡಿಯ ಜಾಗ ಅವನದು. ನಿಧಿಗೆ ಅಕ್ಕಪಕ್ಕದ ಅಂಗಡಿಯವರು ಕೊಟ್ಟರು, ನೆಂಟರು ಕೊಟ್ಟರು, ಕೆಂಡನೂ ಬೈಯುತ್ತಲೇ ಕೊಟ್ಟ. ಹೊಸ ಕೋಟು, ಅಂಗಿ ಬಂದು ಬೀರು ತುಂಬಿತು. ಅದರಲ್ಲಿ ತಪ್ಪು ಹುಡುಕಲು ಆಗಲಿಲ್ಲವಲ್ಲ ಎಂದು ಕೆಂಡನಿಗೆ ಇನ್ನಷ್ಟು ಸಿಟ್ಟು.

ತಪ್ಪು ತಾನಾಗಿಯೇ ಬಂತು. ಭಾವ ಒಂದು ಹೊರೆ ಚೀಲಗಳನ್ನು ತಂದು ಗಲ್ಲೆಯ ಮೇಲೆ ಕುಕ್ಕಿದ. ಒಂದೊಂದರ ಎರಡೂ ಬದಿಗೆ ಅಕ್ಕನ ಮುಖ. ಯಾವುದೋ ಜೋಡಿ ಫೋಟೊದಿಂದ ಕತ್ತರಿಸಿದ್ದು. ಮೂಲೆಯಲ್ಲಿ ಭಾವನ ಭುಜ ಇನ್ನೂ ಉಳಿದಿತ್ತು. ಕೆಳಗೆ ಹೆಬ್ಬೆರಳು ಗಾತ್ರದ ಅಕ್ಷರ: ಕರುಣಾಮಯಿಯ ಸ್ಮರಣೆಯಲ್ಲಿ ನಿರ್ಗತಿಕರಿಗೆ ಕಾಣಿಕೆ.

"ಇದೇನು ಭಾವ, ನಿರ್ಗತಿಕರಿಗೆ?"

"ಕೊಡೋದು ಅವರಿಗೇ ತಾನೆ. ನಾಲ್ಕು ಜನಕ್ಕೆ ಕಾಣದಿದ್ರೆ ನಿಧಿಗೆ ದುಡ್ಡು ಎಲ್ಲಿಂದ ಬರತ್ತೆ?"

"ಅಕ್ಕ ಕೊಟ್ಟಿದ್ದು ಯಾರಿಗೂ ಕಾಣ್ತಿರಲಿಲ್ಲ."

"ಅದಕ್ಕೇ ಅವಳು ಈ ಬೀದಿಯಾಚೆ ಯಾರಿಗೂ ಗೊತ್ತಿಲ್ಲ. ನೀನು ತಿಕ್ಕೋ ಕೆಲಸ ನೋಡು. ಈ ಚೀಲ ಇಲ್ದೆ ನಿಧಿಯ ಒಂದು ಬಟ್ಟೆ ಹೊರಗೆ ಹೋದ್ರೂ, ಬೀಗದಕೈ ನನಗೆ ಕೊಟ್ಟು ನಡಿ."

ಮೊದಲು ಬಂದವನು ಕೆಲಸ ಕಳೆದುಕೊಂಡ ಒಬ್ಬ ಡ್ರೈವರ್. ಮುಂದಿನ ವಾರ ದೊಡ್ಡ ಹೋಟೆಲೊಂದರಲ್ಲಿ ಸಂದರ್ಶನ. ಕೆಂಡ ಕೋಟು ತಿಕ್ಕಿ, ಹಲ್ಲು ಕಚ್ಚಿ, ಚೀಲಕ್ಕೆ ಹಾಕಿಕೊಟ್ಟ. ಹಿಂದೆ ಇಬ್ಬರು ಹೆಂಗಸರು ನಿಂತಿದ್ದರು. ಡ್ರೈವರ್ ಅಕ್ಷರ ಓದಿದ, ಚೀಲ ತಿರುಗಿಸಿದ, ಆ ಬದಿಯಲ್ಲೂ ಅದೇ. ಮೆಲ್ಲಗೆ ಗಲ್ಲೆಯ ಮೇಲಿಟ್ಟು, "ಮನೇಲಿ ಒಂದು ಕೋಟು ಇದೆ, ಮರೆತೇ ಹೋಗಿತ್ತು" ಎಂದು ಹೊರಟುಹೋದ. ಅವನ ಮೊಣಕೈ ಹತ್ತಿರ ಅಂಗಿ ಸವೆದು ಚರ್ಮ ಕಾಣುತ್ತಿತ್ತು.

"ಪಾಪ" ಎಂದಳು ಒಬ್ಬಳು.

"ನಿಮ್ಮ ಪಾಪ ನಿಮ್ಮ ಮನೇಲಿಟ್ಕೊಳ್ಳಿ. ಚೀಟಿ ತೆಗೀರಿ" ಎಂದು ಕೆಂಡ ಗದರಿದ. ಬಾಗಿಲ ಕಡೆಯೇ ನೋಡುತ್ತ ಅವತ್ತು ಅಂಗಿಯೊಂದನ್ನು ಸುಟ್ಟ.

ಚೀಲದ ಮೇಲಿನ ಅಕ್ಕ ನಗುತ್ತಲೇ ಇದ್ದಳು. ಅವಳನ್ನು ದುರುಗುಟ್ಟಿ ನೋಡುತ್ತಿದ್ದಾಗ ಅವನಿಗೆ ಹೊಳೆಯಿತು. ಚೀಲವಿಲ್ಲದೆ ನಿಧಿಯ ಬಟ್ಟೆ ಹೋಗಬಾರದು, ಸರಿ. ಉಳಿದವರ ಬಟ್ಟೆ ಹೇಗೆ ಹೋಗಬೇಕೆಂದು ಭಾವ ಹೇಳಿಲ್ಲವಲ್ಲ.

ಮರುದಿನ ಬೆಳಿಗ್ಗೆ ಕಂದು ಕಾಗದ, ದಾರ ಎಲ್ಲ ಮೇಜಿನಡಿ ಹೋಯಿತು. ಬ್ಯಾಂಕಿನವನ ಪ್ಯಾಂಟು, ಟೀಚರಮ್ಮನ ಪರದೆ, ಡಾಕ್ಟರ ಬಿಳಿ ಕೋಟು, ಎಲ್ಲವೂ ಅಕ್ಕನ ಚೀಲಕ್ಕೆ.

"ನಾನು ಯಾವಾಗಯ್ಯ ನಿರ್ಗತಿಕನಾದೆ?" ಎಂದರು ಡಾಕ್ಟರು.

"ಬೇಡಾಂದ್ರೆ ಹೆಗಲ ಮೇಲೆ ಹಾಕ್ಕೊಂಡು ಹೋಗಿ. ಮಡಿಕೆ ಮುದುರಿದ್ರೆ ನನ್ನ ಕೇಳ್ಬೇಡಿ."

ಡಾಕ್ಟರು ನಕ್ಕು ಚೀಲ ಎತ್ತಿಕೊಂಡರು. ಬ್ಯಾಂಕಿನವನು ಮಾತ್ರ ಇನ್ನು ಈ ಕಡೆ ತಲೆ ಹಾಕುವುದಿಲ್ಲ ಎಂದು ಜಗಳವಾಡಿಕೊಂಡು ಹೋದ. ತೊಲಗಿದ ಎಂದುಕೊಂಡ ಕೆಂಡ.

ನಿಧಿಯ ಸಭೆಗೆಂದು ಇಸ್ತ್ರಿಗೆ ಕೊಟ್ಟಿದ್ದ ತನ್ನ ಕೋಟಿಗಾಗಿ ಭಾವ ಬಂದ. ಚೀಲ ಕೈಗೆ ಬಂದಾಗ ಮುಖ ಕಪ್ಪಿಟ್ಟಿತು.

"ತಲೆ ಕೆಟ್ಟಿದೆಯಾ? ಬೇರೆ ಚೀಲಕ್ಕೆ ಹಾಕು."

"ಯಾಕೆ ಭಾವ? ನಿಮ್ಮ ಹೆಂಡ್ತಿ ಮುಖನೇ. ಹಿಡ್ಕೊಂಡು ಹೋಗೋಕೆ ನಾಚಿಕೆನಾ?"

"ನಾಳೆಯೇ ಅಂಗಡಿ ಖಾಲಿ ಮಾಡು."

"ಮಾಡ್ತೀನಿ. ಬೀರು ತುಂಬ ಬಟ್ಟೆ ಇದೆ, ನೀವೇ ತಿಕ್ಕಿ. ಕೈ ಸುಟ್ಟುಕೊಂಡ್ರೆ ಮುಲಾಮಿಗೊಂದು ನಿಧಿ ಮಾಡಿ."

ಸಾಲಿನಲ್ಲಿ ನಿಂತವರು ಕಿಸಕ್ಕನೆ ನಕ್ಕರು. ಭಾವ ಚೀಲವನ್ನು ಹೊಟ್ಟೆಗೆ ಒತ್ತಿ, ಅಕ್ಷರದ ಮೇಲೆ ತೋಳು ಅಡ್ಡ ಇಟ್ಟುಕೊಂಡು ಗೋಡೆ ಪಕ್ಕ ಹಿಡಿದು ನಡೆದ. ಖಾಲಿ ಮಾಡಿಸುತ್ತೇನೆ ಎಂದು ಈಗಲೂ ಗುಡುಗುತ್ತಾನೆ. ಬೇರೆ ತಿಕ್ಕುವವರನ್ನು ಮಾತ್ರ ಇನ್ನೂ ಕರೆತಂದಿಲ್ಲ.

ಸಂದರ್ಶನದ ಹಿಂದಿನ ದಿನ ಡ್ರೈವರ್ ಎದುರಿನ ಚಹಾ ಅಂಗಡಿಯಲ್ಲಿ ನಿಂತಿದ್ದ. ಬೀದಿಯಲ್ಲಿ ಹೋಗುವವರ ಕೈಯಲ್ಲೆಲ್ಲ ಅಕ್ಕನ ಮುಖ ತೂಗಾಡುವುದನ್ನೇ ನೋಡುತ್ತಿದ್ದ. ಕೆಂಡ ಬಾಗಿಲಿಗೆ ಬಂದು ಇಡೀ ಬೀದಿಗೆ ಕೇಳುವಂತೆ ಅರಚಿದ.

"ಏನ್ರೀ, ನಿಮ್ಮ ಕೋಟು ರೆಡಿಯಾಗಿ ಎಷ್ಟು ದಿನ ಆಯ್ತು? ಇದೇನು ಗೋದಾಮಾ? ಬಂದು ತಗೊಂಡು ಹೋಗಿ."

ಯಾರೂ ತಿರುಗಿ ನೋಡಲಿಲ್ಲ. ಕೆಂಡ ಯಾವುದೋ ಗಿರಾಕಿಗೆ ಬೈಯುವುದು ಅಲ್ಲಿ ದಿನವೂ ಇದ್ದದ್ದೇ. ಡ್ರೈವರ್ ಲೋಟ ಕೆಳಗಿಟ್ಟು, ರಸ್ತೆ ದಾಟಿ, ಟೀಚರಮ್ಮನ ಹಿಂದೆ ಸಾಲಿನಲ್ಲಿ ನಿಂತ.