ಗಫೂರನ ಅಣ್ಣ ಹೋದ ದಾರಿ

ಮೊಮ್ಮಗಳು ನಾಳೆ ಗೆಳತಿಯರ ಜೊತೆ ಬೆಟ್ಟ ಹತ್ತಲು ಹೊರಟಿದ್ದಾಳೆ. ಬಾಗಿಲ ಬಳಿ ಬಿಟ್ಟಿರುವ ಅವಳ ಹೊಸ ಬೂಟಿನ ಚರ್ಮದ ವಾಸನೆ ಬೆಳಗಿನಿಂದ ನನ್ನನ್ನು ಕೂತಲ್ಲಿ ಕೂರಲು ಬಿಡುತ್ತಿಲ್ಲ. ನಗಬೇಡಿ, ಒಂದು ಕಾಲದಲ್ಲಿ ನಾನೂ ಬೆಟ್ಟಕ್ಕೆಂದು ಬೂಟು ಕೊಂಡವನೇ.

ಅರವತ್ತರ ದಶಕದ ಮಾತು. ನಾನು ಭದ್ರಾವತಿಯ ಕಾರ್ಖಾನೆಯೊಂದರಲ್ಲಿ ಗುಮಾಸ್ತ; ಆಫೀಸಿನ ಮೆಟ್ಟಿಲು ಬಿಟ್ಟರೆ ಬೇರೇನನ್ನೂ ಹತ್ತಿದವನಲ್ಲ. ಗೆಳೆಯ ಗಫೂರ್ ಶಿವಮೊಗ್ಗದಲ್ಲಿ ಲಾರಿ ಮೆಕ್ಯಾನಿಕ್. ಘಟ್ಟದ ಮಾತೆತ್ತಿದ್ದು ಅವನೇ. ಹಿಂದೆ ಸರಕು ಹೊತ್ತ ಹೇರೆತ್ತುಗಳು ನಡೆಯುತ್ತಿದ್ದ ಕಾಲುದಾರಿಯೊಂದು ಬೆಟ್ಟದ ನೆತ್ತಿಯ ಮೇಲೇ ಸಾಗಿ ಎಲ್ಲೆಲ್ಲಿಗೋ ಹೋಗುತ್ತದಂತೆ. ಪೂರ್ತಿ ನಡೆಯಲು ವಾರವೇ ಬೇಕು. ನಮಗೆ ಅದರ ಒಂದು ತುಂಡು ಸಾಕು, ಭಾನುವಾರ ಬೆಳಿಗ್ಗೆ ಹತ್ತಿ ಸಂಜೆಯೊಳಗೆ ಇಳಿದುಬಿಡೋಣ ಎಂದ.

ನಾನು ದಂಡಯಾತ್ರೆಗೆ ಹೊರಟವನಂತೆ ಸಿದ್ಧನಾದೆ. ಹಗ್ಗ, ಕೊಡೆ, ಟಿಂಚರ್ ಅಯೋಡಿನ್, ಯಾರದೋ ಮನೆಯಿಂದ ಕಡ ತಂದ ನೀರಿನ ಬಾಟಲಿ. ಎಲ್ಲವನ್ನೂ ಹರಡಿಕೊಂಡು ಕೂತಿದ್ದಾಗ ಗಫೂರ್ ತಲೆ ತಗ್ಗಿಸಿಕೊಂಡು ಹೇಳಿದ: "ಅಣ್ಣ ಹೋಗಿದ್ದು ಆ ದಾರೀಲೇ ಮಾರಾಯ. ಒಂದ್ಸಲ ನೋಡ್ಬೇಕು ನಂಗೆ."

ಅವನ ಅಣ್ಣ ಯೂಸುಫ್ ಮರದ ಲಾರಿಯೊಂದರಲ್ಲಿ ಕ್ಲೀನರ್ ಆಗಿದ್ದ. ಕೆಲವು ವರ್ಷಗಳ ಹಿಂದೆ ಘಟ್ಟದ ಬುಡದಲ್ಲಿ ಲಾರಿ ಕೆಟ್ಟು ನಿಂತಾಗ, ಆಚೆ ಊರಿಂದ ಯಾರನ್ನಾದರೂ ಕರೆತರುತ್ತೇನೆಂದು ಆ ಕಾಲುದಾರಿ ಹಿಡಿದವನು ಹಿಂತಿರುಗಲಿಲ್ಲ. ಹುಡುಕಿದವರಿಗೆ ಅವನ ಚಪ್ಪಲಿಯೂ ಸಿಗಲಿಲ್ಲ. ಆಮೇಲೆ ಅವನ ತಾಯಿ ಮನೆಯಲ್ಲಿ ಘಟ್ಟದ ಹೆಸರೆತ್ತಲು ಬಿಡುತ್ತಿರಲಿಲ್ಲ.

"ಅಮ್ಮಂಗೆ ಹೇಳ್ಬೇಡ. ಹೊಳೆಹೊನ್ನೂರಲ್ಲಿ ಮದುವೆ ಅಂತ ಹೇಳಿದೀನಿ," ಎಂದ ಗಫೂರ್.

ಭಾನುವಾರ ಮೊದಲ ಬಸ್ಸಿಗೆ ಶಿವಮೊಗ್ಗ ತಲುಪಿ ಅವನ ಮನೆಗೆ ಹೋದೆ. ಅಮ್ಮ ಒಲೆಯ ಮುಂದಿನಿಂದೆದ್ದು ಬಂದು ಬಾಳೆಲೆಯಲ್ಲಿ ಸುತ್ತಿದ ರೊಟ್ಟಿಯ ಗಂಟುಗಳನ್ನು ನನ್ನ ಕೈಗಿತ್ತರು. ಮೂರು ಗಂಟು.

"ಇಬ್ರೇ ಅಲ್ವಾ ಅಮ್ಮಾ ಹೋಗ್ತಿರೋದು," ಎಂದೆ.

"ಯೂಸುಫ್ ಬೆಳಿಗ್ಗೇನೇ ಬಂದು ಹೇಳ್ದ ಮಗಾ. ಘಟ್ಟಕ್ಕೆ ಮೂರು ಜನ ಹೋಗ್ತೀವಿ, ರೊಟ್ಟಿ ಮಾಡು ಅಂದ." ದನಿಯಲ್ಲಿ ಅಳುವೂ ಇರಲಿಲ್ಲ, ಅಚ್ಚರಿಯೂ ಇರಲಿಲ್ಲ.

ಗಫೂರ್ ನನ್ನನ್ನು ದುರುಗುಟ್ಟಿ ನೋಡಿದ. ನಾನು ಯಾರಿಗೂ ಬಾಯಿ ಬಿಟ್ಟಿರಲಿಲ್ಲ. ಬಸ್ಸು ಊರು ದಾಟಿದರೂ ಅವನು ಕಿಟಕಿಯತ್ತಲೇ ತಿರುಗಿ ಕೂತಿದ್ದ.

ಘಟ್ಟದ ಬುಡದ ಚಹಾದಂಗಡಿಯ ಹೆಂಗಸು ಲೋಟ ತೊಳೆಯುತ್ತಾ, "ಬೇಗ ಹೋಗಿ, ನಿಮ್ಮೋರೊಬ್ರು ಆಗ್ಲೇ ಮುಂದೆ ಹೋದ್ರು," ಎಂದಳು. ಯಾರೆಂದು ಕೇಳುವ ಧೈರ್ಯ ನಮ್ಮಿಬ್ಬರಿಗೂ ಬರಲಿಲ್ಲ. ಹಿಂತಿರುಗೋಣ ಎನ್ನಲು ನನಗೆ ನಾಚಿಕೆ. ಗಫೂರನಿಗೆ ಹಿಂತಿರುಗುವ ಮನಸ್ಸೇ ಇರಲಿಲ್ಲ.

ಹೊಸ ಬೂಟು ಕಚ್ಚಿ ನಾನು ಕುಂಟುತ್ತಿದ್ದೆ. ಬಿಸಿಲು ಚೆನ್ನಾಗಿತ್ತು. ಆದರೂ ಒಂದು ಹಕ್ಕಿಯ ಸದ್ದಿಲ್ಲ. ಏರು ಮುಗಿದು ದಾರಿ ಸಪಾಟಾಯಿತು. ಎರಡೂ ಕಡೆ ಸೊಂಟದೆತ್ತರದ ಹುಲ್ಲು. ತಿರುವೊಂದರಲ್ಲಿ, ತೀರ ಹತ್ತಿರದಿಂದ, ಲಾರಿ ಹಿಂದಕ್ಕೆ ತೆಗೆಯುವಾಗ ಕ್ಲೀನರುಗಳು ಕೂಗುವಂಥ ದನಿ ಕೇಳಿಸಿತು.

"ಹೋಲ್ಡಾನ್."

ಇಬ್ಬರೂ ನಿಂತೆವು. ಗಫೂರ್ ಕೋಲಿನಿಂದ ಮುಂದಿನ ಹುಲ್ಲನ್ನು ಸರಿಸಿದ. ಅಲ್ಲಿ ನೆಲವಿರಲಿಲ್ಲ. ದಾರಿ ಎಂದೋ ಕುಸಿದು ಕಮರಿಗೆ ಬಿದ್ದಿತ್ತು, ಅಂಚಿನ ಹುಲ್ಲು ಬಾಗಿ ಅದನ್ನು ಮುಚ್ಚಿತ್ತು. ಕೆಳಗೆ ಬರೀ ಮರಗಳ ತಲೆ. ಅವನು ಬಹಳ ಹೊತ್ತು ಬಗ್ಗಿ ನೋಡಿದ. ಆಮೇಲೆ ನನ್ನ ಚೀಲದಿಂದ ಒಂದು ಗಂಟು ತೆಗೆದು ಅಲ್ಲೇ ಕಲ್ಲಿನ ಮೇಲಿಟ್ಟ. ಬಂದ ದಾರಿಯಲ್ಲೇ ಇಳಿದೆವು.

ಸಂಜೆ ಅಮ್ಮ ಕೇಳಿದ್ದು ಒಂದೇ: "ತಿಂದನಾ?"

"ತಿಂದ ಅಮ್ಮಾ," ಎಂದ ಗಫೂರ್. ಆಮೇಲೆ ಆ ತಾಯಿ, ಸತ್ತವರಿಗೆ ಓದಿಸುವ ಫಾತಿಹಾವನ್ನು ಮಗನಿಗಾಗಿ ಓದಿಸಿದರು. ಅಲ್ಲಿಯವರೆಗೆ ಅದಕ್ಕೆ ಒಪ್ಪಿರಲಿಲ್ಲ.

ನಾವಿಬ್ಬರೂ ಆ ದಿನದ ಮಾತನ್ನು ಮತ್ತೆ ಆಡಿರಲಿಲ್ಲ. ವಯಸ್ಸಾದ ಹಾಗೆ ನಾನು ನನ್ನನ್ನೇ ನಂಬಿಸಿಕೊಂಡಿದ್ದೆ: ಹೆದರಿದ ಕಿವಿ, ಎಲ್ಲೋ ಕೂಗಿದ ದನಗಾಹಿ. ಇವತ್ತು ತಡೆಯಲಾಗದೆ ಗಫೂರನಿಗೆ ಫೋನ್ ಮಾಡಿದೆ. "ಆವತ್ತು ಆ ಕೂಗು ನಿಂಗೂ ಕೇಳಿಸ್ತಾ?"

"ಯಾವ ಕೂಗು?" ಎಂದ. "ನಂಗೇನೂ ಕೇಳಿಸ್ಲಿಲ್ಲ ಮಾರಾಯ. ನೀನು ನನ್ನ ಎದೆಗೆ ಕೈ ಅಡ್ಡ ಹಿಡಿದೆಯಲ್ಲ, ಅದಕ್ಕೇ ನಿಂತೆ," ಎಂದ.

ಆವತ್ತು ಬೂಟು ಕಚ್ಚಿ, ನಾನು ಅವನಿಗಿಂತ ಹತ್ತು ಮಾರು ಹಿಂದಿದ್ದೆ. ಅದನ್ನು ಅವನಿಗೆ ಹೇಳಲಿಲ್ಲ. "ಹೌದು ಕಣೋ, ಹಿಡಿದಿದ್ದೆ," ಎಂದು ಫೋನ್ ಇಟ್ಟೆ.