ಹೊಸ ಚೋಕಿನ ಬೆಳಕು

ನಾನು ಯಾವುದನ್ನೂ ಸುಲಭಕ್ಕೆ ನಂಬುವವಳಲ್ಲ. ಹಾಲಿನವನ ಕ್ಯಾನನ್ನು ನಂಬುವುದಿಲ್ಲ, ತರಕಾರಿಯವನ ತಕ್ಕಡಿಯನ್ನು ನಂಬುವುದಿಲ್ಲ, ಈಗ ಬಂದೆ ಎಂದು ಹೇಳಿಹೋದ ಪ್ಲಂಬರನನ್ನಂತೂ ದೇವರಾಣೆಗೂ ನಂಬುವುದಿಲ್ಲ. ಬೆಳ್ಳಗಿರುವುದೆಲ್ಲ ಹಾಲಲ್ಲ ಎಂಬ ಗಾದೆ ನನಗಾಗಿಯೇ ಹುಟ್ಟಿರಬೇಕು. ಅದನ್ನು ಟ್ಯೂಬ್‌ಲೈಟಿಗೂ ಅನ್ವಯಿಸಬೇಕಾಗುತ್ತದೆ ಎಂದು ಮಾತ್ರ ಪೀಣ್ಯಕ್ಕೆ ಬರುವ ತನಕ ಗೊತ್ತಿರಲಿಲ್ಲ.

ತೊಂಬತ್ತರ ದಶಕದ ನಡುವಿನ ಮಾತು. ನನ್ನ ಗಂಡ ಟ್ರಾನ್ಸ್‌ಫಾರ್ಮರುಗಳಿಗೆ ತಂತಿ ಸುತ್ತುವ ಒಂದು ಸಣ್ಣ ಕಾರ್ಖಾನೆಯಲ್ಲಿ ಟೆಸ್ಟಿಂಗ್ ವಿಭಾಗ ನೋಡಿಕೊಳ್ಳುತ್ತಿದ್ದರು. ದಾವಣಗೆರೆ ಕಡೆಯಿಂದ ಬಂದ ನಾವು, ಅಂದರೆ ಗಂಡ, ಅತ್ತೆ, ಎರಡನೇ ಕ್ಲಾಸಿನ ಮಗಳು ಮತ್ತು ನಾನು, ಕಾರ್ಖಾನೆಗೆ ನಡೆದು ಹೋಗುವಷ್ಟು ಹತ್ತಿರದಲ್ಲಿ ಮಹಡಿ ಮೇಲಿನ ಮನೆಯೊಂದನ್ನು ಬಾಡಿಗೆಗೆ ಹಿಡಿದಿದ್ದೆವು. ಹಗಲೆಲ್ಲ ಸುತ್ತಮುತ್ತಲ ಲೇತುಗಳ ಕಿರ್ರ್ ಸದ್ದು, ಪ್ರೆಸ್ಸುಗಳ ಧಡ್ ಧಡ್. ಅದೆಲ್ಲ ಬೇಗ ರೂಢಿಯಾಯಿತು. ರೂಢಿಯಾಗದೆ ಉಳಿದದ್ದು ನಡುಮನೆಯ ಟ್ಯೂಬ್‌ಲೈಟು ಒಂದೇ.

ಅದರ ಕೆಳಗೆ ಸ್ವಲ್ಪ ಹೊತ್ತು ಕೂತರೆ ಸಾಕು, ಹುಬ್ಬುಗಳ ನಡುವೆ ಬಿಗಿಯತೊಡಗುತ್ತಿತ್ತು. ಆಮೇಲೆ ಕಿವಿಯ ಹಿಂದೆ ಜುಮುಜುಮು, ಬೆರಳ ತುದಿಯಲ್ಲಿ ಇರುವೆ ಹರಿದ ಹಾಗೆ. ಎದ್ದು ಅಡುಗೆಮನೆಗೆ ಹೋಗಿ, ಹೊಗೆ ಹಿಡಿದ ನಲವತ್ತು ಕ್ಯಾಂಡಲ್ ಬಲ್ಬಿನ ಕೆಳಗೆ ನಿಂತರೆ ಎಲ್ಲ ಇಳಿಯುತ್ತಿತ್ತು. ಕಣ್ಣಿನ ಡಾಕ್ಟರಿಗೆ ತೋರಿಸಿದೆ, ಕಣ್ಣು ಚೆನ್ನಾಗಿದೆ ಎಂದರು. ಅಷ್ಟರಲ್ಲಿ ಯಾವುದೋ ವಾರಪತ್ರಿಕೆಯಲ್ಲಿ ಓದಿದೆ: ಕರೆಂಟು ಹರಿಯುವ ಕಡೆಯೆಲ್ಲ ಅದರ ಸುತ್ತ ಕಣ್ಣಿಗೆ ಕಾಣದ ಒಂದು ಕ್ಷೇತ್ರ ಇರುತ್ತದಂತೆ, ಕೆಲವರ ಮೈಗೆ ಅದು ಒಗ್ಗುವುದಿಲ್ಲವಂತೆ. ಬರೆದವರೂ ‘ಅಂತೆ’ ಎಂದೇ ಬರೆದಿದ್ದರು. ನನ್ನಂಥವಳಿಗೆ ಅಷ್ಟು ಸಾಕಾಯಿತು.

ಮನೆಯ ಟ್ರಾನ್ಸಿಸ್ಟರನ್ನು ಯಾವ ಸ್ಟೇಷನ್ನೂ ಸಿಗದ ಕಡೆ ತಿರುಗಿಸಿಟ್ಟು, ಸ್ಟೂಲು ಹತ್ತಿ, ಟ್ಯೂಬ್‌ಲೈಟಿನ ಪಟ್ಟಿಗೆ ಹತ್ತಿರ ಹಿಡಿದೆ. ಪಟ್ಟಿಯೊಳಗೆ ಕಬ್ಬಿಣದ ಇಟ್ಟಿಗೆಯಂಥ ಚೋಕ್ ಇರುತ್ತದಲ್ಲ, ಅದು ಸದಾ ಗುಂಯ್‌ಗುಟ್ಟುತ್ತಲೇ ಇರುತ್ತಿತ್ತು. ಈಗ ರೇಡಿಯೋ ಕೂಡ ಗರ್ರ್ ಎಂದಿತು. ಅಡುಗೆಮನೆ ಬಲ್ಬಿಗೆ ಹಿಡಿದೆ, ಸುಮ್ಮನಿತ್ತು. ಗೆದ್ದವಳ ಹಾಗೆ ಗಂಡನನ್ನು ಕರೆದು ತೋರಿಸಿದೆ.

“ಪಾಪ, ರೇಡಿಯೋಗೂ ತಲೆನೋವು ಬಂದಿದೆ. ಅದಕ್ಕೂ ಒಂದು ಮಾತ್ರೆ ಕೊಡು” ಎಂದರು.

ನಡುಮನೆಗೂ ಬಲ್ಬನ್ನೇ ಹಾಕೋಣ ಎಂದೆ. ಅತ್ತೆಗೆ ಕಣ್ಣಲ್ಲಿ ಪೊರೆ ಬರುತ್ತಿತ್ತು, ಬಲ್ಬಿನ ಹಳದಿ ಮಬ್ಬಿನಲ್ಲಿ ಅವರಿಗೆ ಏನೂ ಕಾಣುತ್ತಿರಲಿಲ್ಲ. “ಬಲ್ಬು ದನದ ಕೊಟ್ಟಿಗೆಗೆ ಸರಿ ಕಣವ್ವ” ಎಂದುಬಿಟ್ಟರು. ಕರೆಂಟು ಹೋದ ಸಂಜೆಗಳಲ್ಲಿ ನಾನು ಹಗುರವಾಗಿ ಓಡಾಡುವುದನ್ನು ನೋಡಿ, “ಕರೆಂಟ್ ಹೋದ್ರೆ ಊರಿಗೆಲ್ಲ ತಲೆನೋವು, ನಮ್ ಸೊಸೆಗೊಬ್ಳಿಗೆ ವಾಸಿ” ಎಂದು ಕೆಳಗಿನ ಮನೆಯವರ ಎದುರು ನಗುತ್ತಿದ್ದರು. ನಗು ಹೋಗಲಿ. ಒಂದು ದಿನ ಅವರು ಮಗನ ಹತ್ತಿರ ತಗ್ಗಿದ ದನಿಯಲ್ಲಿ, “ತಲೆ ಡಾಕ್ಟ್ರಿಗೆ ಒಂದ್ಸಲ ತೋರ್ಸಪ್ಪ. ಬೆಳಕಿಗೆ ಹೆದ್ರೋ ಹೆಣ್ಮಗಳ್ನ ನಾ ಎಲ್ಲೂ ಕಂಡಿಲ್ಲ” ಎಂದದ್ದು ನನ್ನ ಕಿವಿಗೆ ಬಿತ್ತು. ಗಂಡ ಇಲ್ಲ ಎನ್ನಲಿಲ್ಲ. ಅವತ್ತಿನಿಂದ ಅವರಿಬ್ಬರು ಮೆಲ್ಲಗೆ ಏನು ಮಾತಾಡಿದರೂ ಅದು ನನ್ನ ಬಗ್ಗೆಯೇ ಎಂದು ನಾನು ಗೋಡೆಗೆ ಕಿವಿ ಕೊಡತೊಡಗಿದೆ.

ಹೊಟ್ಟೆ ಉರಿಯುತ್ತಿದ್ದದ್ದು ಅದಕ್ಕಲ್ಲ. ಸಂಜೆ ಮಗಳು ನಡುಮನೆಯಲ್ಲಿ ಪುಸ್ತಕ ಹರಡಿ ಕೂರುತ್ತಿದ್ದಳು. ನಾನು ಅಡುಗೆಮನೆಯಿಂದಲೇ ಕೂಗಿ ಉಕ್ತಲೇಖನ ಹೇಳಬೇಕಾಗಿತ್ತು. ಅವಳು ತಪ್ಪು ಬರೆದಳೋ, ಪೆನ್ಸಿಲ್ ಕಚ್ಚುತ್ತಾ ಕೂತಳೋ, ನನಗೆ ಕಾಣುತ್ತಿರಲಿಲ್ಲ. ನನಗೆ ಬೇಕಾಗಿದ್ದುದು ಇಷ್ಟೇ: ಮಗಳ ಪಕ್ಕ ಕೂರಬೇಕು, ನೋವು ಅಂದರೆ ನೋವು ಎಂದು ಮನೆಯವರು ನಂಬಬೇಕು.

ಜಾಲಹಳ್ಳಿ ಕ್ರಾಸಿನ ಎಲೆಕ್ಟ್ರಿಕಲ್ ಅಂಗಡಿಗೆ ಹೋದೆ. ಅಂಗಡಿಯವನು ಮೊದಲು ಸೊಟ್ಟಗೆ ಬಗ್ಗಿಸಿದ ಪುಟ್ಟ ಟ್ಯೂಬೊಂದನ್ನು ತೋರಿಸಿ, ಫಾರಿನ್ನಲ್ಲೆಲ್ಲ ಈಗ ಇದೇ ಎಂದ. ಟ್ಯೂಬನ್ನು ಬಗ್ಗಿಸಿ ಬಲ್ಬಿನ ಹೋಲ್ಡರಿಗೆ ಸಿಕ್ಕಿಸಿದರೆ ಅದು ಬಲ್ಬಾಗುತ್ತದೆಯೇ? ಬೇಡ ಎಂದೆ. ಆಗ ಹಗುರವಾದ ಒಂದು ಡಬ್ಬಿ ತೆಗೆದ.

“ಎಲೆಕ್ಟ್ರಾನಿಕ್ ಚೋಕ್ ಮೇಡಂ. ಸ್ಟಾರ್ಟರ್ ಬೇಡ, ಪಕ್ ಪಕ್ ಅನ್ನಲ್ಲ, ಸ್ವಿಚ್ ಹಾಕಿದ್ ತಕ್ಷಣ ಹತ್ಕೊಳುತ್ತೆ. ಗುಂಯ್ ಅನ್ನೋ ಸೌಂಡೂ ಇರಲ್ಲ.”

“ಮೈಗೆ ಏನೂ ಆಗಲ್ವಾ?”

“ಮೈಗಾ?” ಅವನು ನನ್ನನ್ನು ಮೇಲಿಂದ ಕೆಳಗೆ ನೋಡಿದ. “ಬಿಲ್ಲಿಗೆ ಒಳ್ಳೇದು ಮೇಡಂ, ಕಮ್ಮಿ ಬರುತ್ತೆ.”

ಮಾರುವವನ ಮಾತು ನಂಬುವುದು ಹೇಗೆ? ಕೊಳ್ಳದೆ ಬಂದು ಗಂಡನಿಗೆ ಹೇಳಿದೆ. ಅವರು ಆಶ್ಚರ್ಯವಾಗುವಷ್ಟು ಬೇಗ ಒಪ್ಪಿದರು. “ನೀನು ತರ್ಬೇಡ. ಒಳ್ಳೇದು ನೋಡಿ ನಾನೇ ತಂದು ಹಾಕ್ತೀನಿ” ಎಂದರು. ಭಾನುವಾರ ನಮ್ಮ ಮೂವರನ್ನೂ ದೇವಸ್ಥಾನಕ್ಕೆ ಕಳಿಸಿದರು. ಬರುವಷ್ಟರಲ್ಲಿ ಸ್ಟೂಲಿನ ಮೇಲೆ ಸ್ಕ್ರೂಡ್ರೈವರ್ ಇತ್ತು, ಪಟ್ಟಿಯ ಧೂಳೆಲ್ಲ ಒರೆಸಿ ಥಳಥಳ ಮಾಡಿದ್ದರು.

ನಮ್ಮ ಮನೆಯಲ್ಲಿ ದೀಪ ಹಾಕುವ ಹೊತ್ತಿಗೆ ಒಂದು ಕ್ರಮವಿತ್ತು. ಮುಸ್ಸಂಜೆಗೆ ಅತ್ತೆ ದೇವರ ಮುಂದೆ ದೀಪ ಹಚ್ಚಿ, ವಿಭೂತಿ ಧರಿಸಿ ಹೊರಗೆ ಬಂದು, ನಡುಮನೆಯ ಸ್ವಿಚ್ಚು ಒತ್ತುತ್ತಿದ್ದರು. ಎಲ್ಲರೂ ನಿಂತು ಕಣ್ಣು ಮುಚ್ಚಿ ಕೈಮುಗಿಯಬೇಕು. ಅವರು ಮೂರು ಸಲ ‘ನಮಃ ಶಿವಾಯ’ ಎಂದು ಮುಗಿಸುವ ತನಕ ಕಣ್ಣು ಬಿಡುವಂತಿಲ್ಲ. ಕರೆಂಟಿನದಾದರೇನು, ಸಂಜೆಗೆ ಬಂದ ಬೆಳಕು ಲಕ್ಷ್ಮಿ. ಅವತ್ತೂ ಕೈಮುಗಿದು ಕಣ್ಣು ಬಿಟ್ಟೆ. ಟ್ಯೂಬು ನಿಶ್ಚಲವಾಗಿ ಉರಿಯುತ್ತಿತ್ತು. ಗುಂಯ್ ಎಂಬ ಸದ್ದಿರಲಿಲ್ಲ.

ಮಗಳ ಪಕ್ಕ ಕೂತೆ. ಹುಬ್ಬಿನ ಬಿಗಿತಕ್ಕಾಗಿ ಕಾದೆ. ಬರಲಿಲ್ಲ. ಮರುದಿನವೂ ಬರಲಿಲ್ಲ. ಮಗಳು ಮಗ್ಗಿ ಒಪ್ಪಿಸುತ್ತಾ ನನ್ನ ತೊಡೆಗೆ ಒರಗಿದಳು, ನಾನು ಅವಳ ಜಡೆ ಬಿಚ್ಚಿ ಮತ್ತೆ ಹೆಣೆದೆ. ಎಷ್ಟು ಖುಷಿಯಾಯಿತೆಂದರೆ ಅಳು ಬಂತು. ದಿನಾ ಸಂಜೆ ಗಂಡ ಪೇಪರಿನ ಅಂಚಿನಿಂದ ಇಣುಕಿ, “ಹೆಂಗಿದೆ?” ಎಂದು ಕೇಳುತ್ತಿದ್ದರು. “ಆರಾಮಾಗಿದೆ ರೀ” ಎನ್ನುತ್ತಿದ್ದೆ. ಎಂಥ ಕಾಳಜಿ ಎಂದು ಹಿಗ್ಗಿದೆ. ಎಲ್ಲವನ್ನೂ ಅನುಮಾನಿಸುವ ನಾನು ಆ ವಾರ ಟ್ರಾನ್ಸಿಸ್ಟರನ್ನು ಮುಟ್ಟಲೂ ಇಲ್ಲ.

ವಾರ ಕಳೆದ ಮೇಲೆ ಒಂದು ಸಂಜೆ, ಕೈಮುಗಿದು ಕಣ್ಣು ಬಿಡುತ್ತಿದ್ದ ಹಾಗೆ ಮಗಳು ಕಿಸಕ್ಕೆಂದಳು.

“ಅಮ್ಮಾ, ನೀವೆಲ್ಲ ಕಣ್ಣು ಮುಚ್ಕೊಂಡಾಗ ಲೈಟು ಕಣ್ಣು ಹೊಡೆಯುತ್ತೆ! ಪಕ್, ಪಕ್, ಆಮೇಲೆ ಪೂರ್ತಿ.”

“ನೀ ಯಾಕೆ ಕಣ್ಣು ಬಿಟ್ಟೆ?” ಎಂದು ಅತ್ತೆ ಅವಳನ್ನು ಗದರಿದರು. ‘ಪಕ್ ಪಕ್ ಅನ್ನಲ್ಲ’ ಎಂಬ ಅಂಗಡಿಯವನ ಮಾತು ನನಗೆ ನೆನಪಾಯಿತು. ಸ್ವಿಚ್ಚು ಆರಿಸಿ, ಮತ್ತೆ ಹಾಕಿ, ಕಣ್ಣು ಬಿಟ್ಟುಕೊಂಡೇ ನೋಡಿದೆ. ಪಕ್, ಪಕ್, ಆಮೇಲೆ ಪೂರ್ತಿ. ಮತ್ತೆ ಆರಿಸಿ, ಸ್ಟೂಲು ಹತ್ತಿ, ಪಟ್ಟಿಯನ್ನು ತಡವಿದೆ. ಸ್ಟಾರ್ಟರ್ ಅಲ್ಲೇ ಇತ್ತು. ಒಳಗೆ ಅದೇ ಹಳೆಯ ಕಬ್ಬಿಣದ ಚೋಕ್. ಗುಂಯ್‌ಗುಟ್ಟದ ಹಾಗೆ ಸೈಕಲ್ ಟ್ಯೂಬಿನ ರಬ್ಬರ್ ತುಂಡುಗಳನ್ನು ಅದರ ಅಡಿಗೆ ಕೊಟ್ಟು, ಸ್ಕ್ರೂಗಳನ್ನು ಬಿಗಿ ಮಾಡಿದ್ದರು. ಅಷ್ಟೇ.

ಗಂಡ ಬಂದು ಚಪ್ಪಲಿ ಬಿಡುವ ಮೊದಲೇ ಕೇಳಿದೆ. ಅವರು ಮುಚ್ಚಿಡಲಿಲ್ಲ.

“ಫ್ಯಾಕ್ಟ್ರೀಲಿ ಹಿಂಗೇ ಮಾಡೋದು ಕಣೇ. ಯಾವ ಪೀಸ್ ಯಾವುದು ಅಂತ ಹೇಳಲ್ಲ. ಹೇಳಿದ್ರೆ ಟೆಸ್ಟ್ ಮಾಡೋರು ತಮಗೆ ಬೇಕಾದ್ದನ್ನೇ ನೋಡ್ತಾರೆ.”

“ನಾನು ಪೀಸಾ?”

“ಅಮ್ಮ ಡಾಕ್ಟರ್ ಡಾಕ್ಟರ್ ಅಂತಿದ್ಲು. ಹಿಂಗೇ ವಾಸಿಯಾದ್ರೆ ಅದರ ಮಾತೇ ಬರಲ್ಲ ಅಂದ್ಕೊಂಡೆ. ನಿನಗೆ ಹೇಳ್ಬಾರ್ದು ಅಂತಲೇ ಇದ್ದೆ. ವಾಸಿ ಆಯ್ತಲ್ವಾ?”

“ಗುಂಯ್ ಅನ್ನೋದು ನಿಂತಿತ್ತು. ಅದಕ್ಕೇ ವಾಸಿಯಾಗಿರ್ಬಹುದು.”

“ಹಂಗಾದ್ರೆ ಅದು ಕರೆಂಟಲ್ಲ, ಸೌಂಡು.”

ಸಿಟ್ಟಿತ್ತು, ಅವಮಾನವಿತ್ತು. ಅವರು ಕೇಡು ಬಯಸಿರಲಿಲ್ಲ ಎಂಬುದು ಗೊತ್ತಿತ್ತು, ಅದರಿಂದ ಸಿಟ್ಟು ಇನ್ನೂ ಹೆಚ್ಚಾಯಿತು. ವಾರವಿಡೀ ಪೇಪರಿನ ಅಂಚಿನಿಂದ ನೋಡುತ್ತಿದ್ದದ್ದು ಹೆಂಡತಿಯನ್ನಲ್ಲ, ಬೆಂಚಿನ ಮೇಲಿಟ್ಟ ಮಾಲನ್ನು. ಅದಕ್ಕಿಂತ ಕೆಟ್ಟದ್ದು ಇನ್ನೊಂದಿತ್ತು. ಹಾಲಿನವನ ಮೇಲೆ ಅನುಮಾನ ಬಂದರೆ ಹಾಲಿನವನನ್ನು ಬದಲಾಯಿಸಬಹುದು. ನನ್ನ ಮೈಯ ಮೇಲೇ ಅನುಮಾನ ಬಂದರೆ ಎಲ್ಲಿಗೆ ಹೋಗಲಿ? ಆ ಆರಾಮು ಸುಳ್ಳಾಗಿದ್ದರೆ ಮೊದಲಿನ ನೋವೂ ಸುಳ್ಳೇ? ಅಡುಗೆಮನೆಯಲ್ಲಿ ಹಣೆ ಒತ್ತಿಕೊಂಡು ನಿಂತಿದ್ದ ಅಷ್ಟೂ ಸಂಜೆ ನಾನು ಏನನ್ನು ಒತ್ತಿಕೊಂಡಿದ್ದೆ?

ಮರುದಿನ ಗಂಡ ನಿಜವಾದ ಎಲೆಕ್ಟ್ರಾನಿಕ್ ಚೋಕ್ ತಂದು ನನ್ನೆದುರೇ ಹಾಕಿದರು. ಸಂಜೆ ಅತ್ತೆ ಸ್ವಿಚ್ಚು ಒತ್ತಿದಾಗ ನಾನು ಕಣ್ಣು ಮುಚ್ಚಲಿಲ್ಲ. ಲೈಟು ಒಂದೇ ಸಲಕ್ಕೆ ಹತ್ತಿಕೊಂಡಿತು, ಒಂದಿಷ್ಟೂ ಮಿನುಗಲಿಲ್ಲ. ಮಗಳ ಪಕ್ಕ ಕೂತು ಪುಸ್ತಕ ಬಿಡಿಸಿದೆ. ಎರಡು ಸಾಲು ಬರೆಸುವಷ್ಟರಲ್ಲಿ ಹುಬ್ಬುಗಳ ನಡುವೆ ಬಿಗಿಯತೊಡಗಿತು. ಆಮೇಲೆ ಕಿವಿಯ ಹಿಂದೆ, ಆಮೇಲೆ ಬೆರಳುಗಳಲ್ಲಿ. ಹಲ್ಲು ಕಚ್ಚಿ ಕೂತೆ. ಹೇಳಿದರೆ ನಗುತ್ತಾರೆ, ಹೇಳದಿದ್ದರೆ ತಲೆ ಸಿಡಿಯುತ್ತದೆ. ಕೊನೆಗೆ ಕೈ ತಾನಾಗಿ ಹಣೆಗೆ ಹೋಯಿತು.

ಮಗಳು ಬರೆಯುವುದನ್ನು ನಿಲ್ಲಿಸಿದಳು.

“ಅಮ್ಮಾ, ಇವತ್ತು ನಿಜವಾಗ್ಲೂ ನೋಯ್ತಾ ಇದೆಯಾ?”

“ನಿಜವಾಗ್ಲೂ ಕಣೇ ಪುಟ್ಟಿ” ಎಂದೆ.

ಅವಳು ನನ್ನನ್ನು ನೋಡಲಿಲ್ಲ. ಪೆನ್ಸಿಲನ್ನು ಬಾಯಲ್ಲಿಟ್ಟುಕೊಂಡು, ಎದುರಿಗೆ ಕೂತಿದ್ದ ಅಪ್ಪನ ಮುಖ ನೋಡಿದಳು, ಹೌದೋ ಅಲ್ಲವೋ ಎಂದು ತಿಳಿಯಲು.